ಮೂವತ್ತನಾಲ್ಕು ಮಕ್ಕಳಿಗೆ ಒಂದೇ ಹುಟ್ಟಿದ ದಿನ

ಸಂಪಾದಕರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಹೆಂಗಸೊಬ್ಬರು ನಗರಸೇವಕಿ ಆಗಿದ್ದಾರಂತೆ. ಮರಳು ಹೊರುತ್ತಿದ್ದವರಂತೆ. ಅವರ ಹಿನ್ನೆಲೆ, ಸಮಾಜಸೇವೆ, ಒಂದು ಫೋಟೊ. ಭಾನುವಾರದ ಪುರವಣಿಗೆ ಆರುನೂರು ಪದ ಸಾಕು."

ತೊಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ಮುಂಬಯಿಯ ಕನ್ನಡ ದಿನಪತ್ರಿಕೆಯೊಂದಕ್ಕೆ ನಾನು ಠಾಣೆಯಿಂದ ಬದಲಾಪುರದವರೆಗಿನ ವರದಿಗಾರ. ಬರೆದದ್ದನ್ನು ಲಕೋಟೆಗೆ ಹಾಕಿ, ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವ ಬ್ಯಾಂಕಿನವರೊಬ್ಬರ ಕೈಗೆ ಪ್ಲಾಟ್‌ಫಾರಂನಲ್ಲೇ ಕೊಟ್ಟುಬಿಟ್ಟರೆ ಹತ್ತೂವರೆಗೆ ಅದು ಡೆಸ್ಕ್ ಮುಟ್ಟುತ್ತಿತ್ತು. ವ್ಯಕ್ತಿಪರಿಚಯ ಎಂದರೆ ಎರಡು ಗಂಟೆ ಮಾತು, ಒಂದು ಗಂಟೆ ಬರವಣಿಗೆ. ಇದಕ್ಕೆ ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ನನ್ನ ತಪ್ಪಿನಿಂದ.

ನಗರಸೇವಕಿಯ, ಅಂದರೆ ಪಾಲಿಕೆ ಸದಸ್ಯೆಯ, ಮನೆ ಖಾಡಿಯ ದಡದಲ್ಲಿತ್ತು. ಖಾಡಿ ಎಂದರೆ ಸಮುದ್ರದ ನೀರು ಒಳಗೆ ಬಂದು ಹೋಗುವ ಹಿನ್ನೀರು. ದೋಣಿಗಳು ಅಲ್ಲಿ ಮರಳು ತಂದು ಇಳಿಸುತ್ತಿದ್ದವು, ವಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದವರು ಅದನ್ನು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುತ್ತಿದ್ದರು. ತಗಡಿನ ಮನೆಗಳ ಮೂರು ಸಾಲು. ಮೊದಲ ಸಾಲಿನ ಕೊನೆಯ ಮನೆಯ ಮುಂದೆ ತಗಡಿನ ಚಪ್ಪರ. ಅದರಡಿ ಒಂದು ಮೇಜು, ಮೇಜಿನ ಮೇಲೆ ರಬ್ಬರ್ ಮೊಹರು, ಹೆಬ್ಬೆಟ್ಟಿಗೆ ಮಸಿ ಹಚ್ಚುವ ಡಬ್ಬಿ. ಅದೇ ಅವರ ಕಚೇರಿ.

ಮೂವತ್ತೈದರ ಆಸುಪಾಸಿನ ಹೆಂಗಸು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರದೋ ರೇಷನ್ ಕಾರ್ಡಿನ ಅರ್ಜಿ ಓದುತ್ತಿದ್ದರು. ನಾನು ಪರಿಚಯ ಹೇಳಿ, "ನಿಮ್ಮ ಹಿನ್ನೆಲೆ ಸ್ವಲ್ಪ ಹೇಳಬೇಕಿತ್ತು ಅಕ್ಕ" ಎಂದೆ.

"ಏನ್ ಹಿನ್ನೆಲಿರಿ. ಹಿಂದ ಖಾಡಿ ಐತಿ, ಮುಂದ ರೈಲ್ ಐತಿ. ನಡುವ ನಾವ ಅದೀವಿ" ಎಂದರು. ಆಮೇಲೆ ನನ್ನ ಜೇಬಿನ ಪೆನ್ನು ನೋಡಿ, "ಮರಾಠಿ ಬರಿಯಾಕ ಬರತೈತೇನ್ರಿ?"

"ಬರುತ್ತದೆ."

"ಹಂಗಾರ ಕೂಡ್ರಿ, ಪೇಪರ್‌ನವರ. ನನ್ನ ಕಥಿ ಎಲ್ಲೀಗೂ ಹೋಗೂದಿಲ್ಲ. ಈ ಅರ್ಜಿ ಮೊದಲ ಆಗಬೇಕು."

ಸಂಗತಿ ಹೀಗಿತ್ತು. ಅಲ್ಲಿಂದ ಹತ್ತು ನಿಮಿಷ ನಡೆದರೆ ಪಾಲಿಕೆಯ ಮರಾಠಿ ಪ್ರಾಥಮಿಕ ಶಾಲೆ. ಅಲ್ಲಿಯ ತರಗತಿಗಳೆಲ್ಲ ಭರ್ತಿ, ಆದರೆ ಒಂದು ಕೋಣೆ ಖಾಲಿ ಬಿದ್ದಿತ್ತು. ಒಂದನೇ ತರಗತಿಗೆ ಹೊಸದಾಗಿ ಮೂವತ್ತು ಹೆಸರು ಬಂದರೆ ಆ ಕೋಣೆ ತೆರೆದು ಒಬ್ಬ ಶಿಕ್ಷಕಿಯನ್ನು ಕೊಡುತ್ತೇನೆ ಎಂದು ಪಾಲಿಕೆಯ ಶಿಕ್ಷಣ ವಿಭಾಗದ ಅಧಿಕಾರಿ ಒಪ್ಪಿದ್ದರು. ಮೂವತ್ತಕ್ಕೆ ಒಂದು ಕಡಿಮೆಯಾದರೂ ಇಲ್ಲ. ಆಗ ಮಕ್ಕಳು ರೈಲು ಹಳಿ ದಾಟಿ ಆಚೆಯ ಶಾಲೆಗೆ ಹೋಗಬೇಕು. ಹಳಿ ದಾಟಿಸಿ ಯಾವ ತಾಯಿಯೂ ಕಳಿಸುತ್ತಿರಲಿಲ್ಲ, ಹಾಗಾಗಿ ಆ ದಡದ ಮಕ್ಕಳಲ್ಲಿ ಶಾಲೆಗೆ ಹೋದವರು ಕೈಬೆರಳಿನಷ್ಟು. ಚುನಾವಣೆಯಲ್ಲಿ ಈಕೆ ಕೊಟ್ಟ ಮಾತು ಒಂದೇ: ಜೂನ್ ತಿಂಗಳಲ್ಲಿ ಆ ಕೋಣೆಯ ಬೀಗ ತೆಗೆಸುತ್ತೇನೆ.

ವರದಿಗಾರ ನೋಡಬೇಕು, ಕೈ ಹಾಕಬಾರದು. ಇದು ನಾನು ಕಲಿತ ಮೊದಲ ಪಾಠ. ಆದರೆ ಕುಳಿತುಕೊಂಡು ನೋಡುವುದಕ್ಕೂ ಕುಳಿತುಕೊಂಡು ಬರೆಯುವುದಕ್ಕೂ ಒಂದೇ ಬೆಂಚು ಇತ್ತು. ನಾನು ಬರೆದೆ.

ಎರಡು ಭಾನುವಾರ ಗಂಡಸರು ಸಾಲಾಗಿ ಬಂದರು. ಮಗುವಿನ ಹೆಸರು, ತಂದೆಯ ಹೆಸರು, ಊರು. ಅದುವರೆಗೆ ಸಲೀಸು. ನಂತರದ ಕಾಲಂ ಹುಟ್ಟಿದ ದಿನಾಂಕ. ಜನನ ಪತ್ರ ಒಬ್ಬರ ಬಳಿಯೂ ಇರಲಿಲ್ಲ. ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ತವರಿನಲ್ಲಿ ಮನೆಯಲ್ಲೇ ಹೆರಿಗೆ, ಮೂರು ತಿಂಗಳಿಗೆ ಬಾಣಂತಿ ಮಗುವಿನೊಂದಿಗೆ ಖಾಡಿಗೆ ವಾಪಸು. ಅಲ್ಲಿಯ ಪುಸ್ತಕದಲ್ಲಿ ಮಗು ಇಲ್ಲ, ಇಲ್ಲಿಯದರಲ್ಲೂ ಇಲ್ಲ. ಹೀಗಿದ್ದಾಗ ತಂದೆತಾಯಿಯ ಪ್ರತಿಜ್ಞಾಪತ್ರ ನಡೆಯುತ್ತದೆ ಎಂದು ಅಧಿಕಾರಿಯೇ ಹೇಳಿದ್ದರು.

"ಹುಟ್ಟಿದ ದಿನ ಯಾವುದು?" ಎಂದು ನಾನು ಮೊದಲನೆಯವನನ್ನು ಕೇಳಿದೆ.

"ಅದೆಲ್ಲ ನೀವ ಹಾಕ್ರಿ ಸರ. ಸಾಲ್ಯಾಗ ಮಾಸ್ತರ ಹಾಕತಾರಲ್ಲ, ಹಂಗ."

ಮಾಸ್ತರರು ಏನು ಹಾಕುತ್ತಿದ್ದರು ಎಂಬುದು ನನಗೂ ಗೊತ್ತಿತ್ತು. ಕುಂದಾಪುರದ ಕಡೆಯ ನನ್ನ ಶಾಲೆಯಲ್ಲಿ ಹೆಡ್‌ಮಾಸ್ತರರು ಮಗುವನ್ನು ಎದುರು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡ ಕಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು. ದಿನಾಂಕ ಜೂನ್ ಒಂದು. ನನ್ನದೂ ಜೂನ್ ಒಂದು, ನನ್ನ ಬೆಂಚಿನ ಮೂವರದೂ ಜೂನ್ ಒಂದು. ಇಂಡಿ ತಾಲ್ಲೂಕಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದ ನಗರಸೇವಕಿಯದೂ ಅದೇ ದಿನ. "ನನ್ನ ನಾಮಪತ್ರದಾಗೂ ಅದ ಐತ್ರಿ" ಎಂದರು ಆಕೆ. ಇಬ್ಬರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಜೂನ್ ಒಂದಕ್ಕೆ ಆರು ತುಂಬಿರಬೇಕು ಎಂಬುದು ನಿಯಮ. ನಾನು ಎಲ್ಲರಿಗೂ ಜೂನ್ ಒಂದು ಬರೆದು, ಎತ್ತರ ನೋಡಿ ಆರು ಅಥವಾ ಏಳು ವರ್ಷ ಹಿಂದಕ್ಕೆ ಎಣಿಸಿದೆ. ಅಕ್ಷರ ಮಾತ್ರ ಮುತ್ತಿನ ಹಾಗಿತ್ತು.

ಮೂವತ್ತನಾಲ್ಕು ಅರ್ಜಿಗಳ ಕಟ್ಟು ಹಿಡಿದು ನಾವು ಪಾಲಿಕೆಯ ಕಚೇರಿಯಿರುವ ಕಲ್ಯಾಣಕ್ಕೆ ಹೋದೆವು. ಅಧಿಕಾರಿ ನಿವೃತ್ತಿಗೆ ಹತ್ತಿರವಾದ, ತೆಳ್ಳಗಿನ, ಸಾವಧಾನದ ಮನುಷ್ಯ. ಮೊದಲ ಅರ್ಜಿ ಓದಿದರು, ಎರಡನೆಯದು ಓದಿದರು, ಐದನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಉಳಿದವನ್ನು ಇಸ್ಪೀಟಿನಂತೆ ಬೆರಳಿನಲ್ಲಿ ಸರಸರನೆ ಸರಿಸಿದರು.

"ತಾಈ," ಎಂದರು ಮರಾಠಿಯಲ್ಲಿ. ತಾಈ ಎಂದರೆ ಅಕ್ಕ. "ನಿಮ್ಮ ವಾರ್ಡಿನಲ್ಲಿ ಹೆರಿಗೆಗೂ ಸುತ್ತೋಲೆ ಹೊರಡಿಸಿದ್ದೀರಾ?"

ನಗರಸೇವಕಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

"ಮೂವತ್ತನಾಲ್ಕು ಮಕ್ಕಳು. ಎಲ್ಲರೂ ಜೂನ್ ಒಂದು. ಇದರ ಮೇಲೆ ನಾನು ಸಹಿ ಹಾಕಿದರೆ ನನ್ನ ಪಿಂಚಣಿಯ ಕಾಗದದ ಮೇಲೆ ಯಾರೂ ಸಹಿ ಹಾಕುವುದಿಲ್ಲ."

"ಸಾಹೇಬ್, ನಮ್ಮಲ್ಲಿ ಹಾಗೇ ಬರೆಯುವ ರೂಢಿ. ನನ್ನದೂ ಜೂನ್ ಒಂದೇ" ಎಂದರು ಆಕೆ.

"ನನ್ನದೂ" ಎಂದೆ ನಾನು. ಆ ಮಾತು ಪ್ರಕರಣಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ.

ಅವರು ನಮ್ಮಿಬ್ಬರನ್ನೂ ನೋಡಿದರು. ಕೋಪವಿರಲಿಲ್ಲ. ಕಟ್ಟನ್ನು ವಾಪಸು ತಳ್ಳಿ, ಪ್ರತಿ ಮಗುವಿಗೆ ಅದರದ್ದೇ ದಿನ ಬೇಕು, ಆ ದಿನ ಹೇಗೆ ಗೊತ್ತಾಯಿತು ಎಂಬುದಕ್ಕೆ ಆಧಾರ ಬೇಕು, ಹೆರಿಗೆ ಕಂಡ ಇಬ್ಬರು ಸಾಕ್ಷಿ ಬೇಕು ಎಂದರು. ಶಾಲೆ ಜೂನ್ ಎರಡನೇ ವಾರ ತೆರೆಯುತ್ತದೆ, ಅದಕ್ಕೆ ನಾಲ್ಕು ದಿನ ಮುಂಚೆ ತಲುಪಬೇಕು. ಎಣಿಸಿದರೆ ನಮಗೆ ಉಳಿದದ್ದು ಹದಿಮೂರು ದಿನ.

ಕಾರಿಡಾರಿನಲ್ಲಿ ಪಕ್ಕದ ವಾರ್ಡಿನ ನಗರಸೇವಕರು ಚಹಾ ಕುಡಿಯುತ್ತಿದ್ದರು. ಸುದ್ದಿ ನಮಗಿಂತ ಮೊದಲೇ ಬಾಗಿಲು ದಾಟಿತ್ತು. "ತಾಈ, ನಿಮ್ಮಲ್ಲಿ ಒಂದು ಕೇಕಿನ ಅಂಗಡಿ ಹಾಕುತ್ತೇನೆ. ವರ್ಷಕ್ಕೆ ಒಂದೇ ದಿನ ತೆರೆದರೂ ಸಾಕು" ಎಂದರು.

"ಹಾಕು ದಾದಾ. ಉದ್ಘಾಟನೆಗೆ ನನ್ನನ್ನೇ ಕರೆಯಬೇಕು, ನನ್ನದೂ ಅವತ್ತೇ" ಎಂದು ಆಕೆ ನಡೆದರು. ಮೆಟ್ಟಿಲಿಳಿಯುವಾಗ ಮಾತ್ರ ಕಟ್ಟನ್ನು ಎದೆಗೆ ಅವುಚಿಕೊಂಡಿದ್ದರು.

ಕಲ್ಯಾಣದಿಂದ ಡೊಂಬಿವಲಿಗೆ ನಡುವೆ ಠಾಕುರ್ಲಿ ಒಂದೇ ನಿಲ್ದಾಣ. ಮಧ್ಯಾಹ್ನದ ಲೋಕಲ್ ಖಾಲಿ ಇತ್ತು. ನಾನು ಕ್ಷಮೆ ಕೇಳಿದೆ. ಓದು ಬಲ್ಲವನು ನಾನು, ಯೋಚಿಸಬೇಕಿತ್ತು ಎಂದೆ.

"ನೀವೊಬ್ಬರ ಏನ್ ಮಾಡ್ತೀರಿ. ನಾನೂ ಮುಂದ ಕುಂತಿದ್ದೆಲ್ಲ" ಎಂದರು. ಠಾಕುರ್ಲಿ ಬಂತು. ಗಾಡಿ ಮತ್ತೆ ಹೊರಟಾಗ ತಟ್ಟನೆ ನನ್ನ ಕಡೆ ತಿರುಗಿದರು.

"ನಾವು ಕೇಳಿದ್ದು ಯಾರಿಗೆ?"

"ತಂದೆಯಂದಿರಿಗೆ."

"ಅವರೇನ್ ಹಡದಾರೇನ್ರಿ? ಕೂಸು ಹುಟ್ಟಿದಾಗ ಅವರು ಇಲ್ಲಿ ಖಾಡ್ಯಾಗ ಮರಳು ಹೊರಾಕತ್ತಿದ್ರು. ಕಾಗದ ಬಂದ ಮ್ಯಾಲ ಅವರಿಗೆ ಗೊತ್ತಾತು. ಹಡದಾಕಿನ್ನ ಕೇಳಬೇಕು. ತಾರೀಖು ಕೇಳಬಾರದು, ಅವತ್ತ ಏನ್ ನಡದಿತ್ತು ಅಂತ ಕೇಳಬೇಕು."

ಆ ಸಂಜೆ ನಾನು ಸಂಪಾದಕರಿಗೆ ಫೋನ್ ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ.

"ನೀವು ಅರ್ಜಿ ಬರೆದಿರಾ?"

"ಬರೆದೆ."

"ತಪ್ಪು ಬರೆದಿರಾ?"

"ಹೌದು."

"ಹಾಗಾದರೆ ಸರಿ ಮಾಡಿ ಬನ್ನಿ. ಲೇಖನದಲ್ಲಿ ಅದನ್ನೂ ಬರೆಯಬೇಕಾಗುತ್ತದೆ." ಆಮೇಲೆ, "ಅದು ಕನ್ನಡ ಶಾಲೆ ಅಲ್ಲವಾ?" ಎಂದು ಕೇಳಿದರು. ಅಲ್ಲ, ಮರಾಠಿ ಎಂದೆ. ನಮ್ಮ ಓದುಗರು ಈ ಪ್ರಶ್ನೆ ಕೇಳುತ್ತಾರೆ ಎಂದರು. ಮರುದಿನ ನಾನದನ್ನು ನಗರಸೇವಕಿಗೆ ಹೇಳಿದಾಗ ಅವರು, "ಕನ್ನಡ ಮನ್ಯಾಗ ನಾ ಕಲಸ್ತೀನಿ. ಸಾಲಿ ಬಾಗಲಾ ಯಾವ ಭಾಷೆದಾಗ ತೆರದ್ರೂ ಒಳಗ ಹೋಗಬೇಕ್ರಿ" ಎಂದರು. ಅದನ್ನು ಹಾಗೆಯೇ ಟಿಪ್ಪಣಿ ಮಾಡಿಕೊಂಡೆ.

ಹೆಂಗಸರು ಸಿಗುವ ಹೊತ್ತು ಗಡಿಯಾರದಲ್ಲಿ ಇರಲಿಲ್ಲ. ಭರತ, ಅಂದರೆ ಉಬ್ಬರ, ಬಂದಾಗ ದೋಣಿ ಬರುತ್ತದೆ, ದೋಣಿ ಖಾಲಿಯಾದ ಮೇಲೆ ಬಿಡುವು. ಭರತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತದೆ. ಹಾಗಾಗಿ ನಮ್ಮ ಬೈಠಕ್ಕು ಮೊದಲ ದಿನ ಹನ್ನೊಂದಕ್ಕೆ, ಮರುದಿನ ಹನ್ನೊಂದು ಮುಕ್ಕಾಲಿಗೆ, ಅದರ ಮರುದಿನ ಹನ್ನೆರಡೂವರೆಗೆ. ನನ್ನ ಪಾಲಿಕೆ, ಪೊಲೀಸು, ರೈಲ್ವೆ ಸುದ್ದಿಗಳೆಲ್ಲ ಆ ಎರಡು ವಾರ ಚಂದ್ರನಿಗೆ ಹೊಂದಿಕೊಂಡವು.

ಮೊದಲು ಬಂದವಳು ಶಾಂತವ್ವ. ನಾನು ರೂಢಿಯಂತೆ "ಮಗ ಹುಟ್ಟಿದ್ದು ಯಾವಾಗ?" ಎಂದೆ. ಅವಳು ಗೊತ್ತಿಲ್ಲ ಎಂದು ತಲೆ ತಗ್ಗಿಸಿದಳು.

"ನೀವು ಸುಮ್ಮನ ಬರೀರಿ" ಎಂದು ನಗರಸೇವಕಿ ನನ್ನನ್ನು ಬದಿಗೆ ಸರಿಸಿದರು. "ಶಾಂತವ್ವಾ, ಇವನ್ನ ಹಡದಾಗ ಊರಾಗ ಏನ್ ನಡದಿತ್ತ?"

"ಏನ್ ನಡದಿತ್ತು, ಎಳ್ಳಮಾಸಿ ನಡದಿತ್ತು. ಎಲ್ಲಾರೂ ಬಂಡಿ ಕಟಗೊಂಡು ಹೊಲಕ್ಕ ಚರಗಾ ಚೆಲ್ಲಾಕ ಹ್ವಾದ್ರು. ಮನ್ಯಾಗ ನಾನು, ನಮ್ಮಾಯಿ ಇಬ್ಬರ. ಸಜ್ಜಿರೊಟ್ಟಿ, ಭಜ್ಜಿಪಲ್ಯಾ ಎಲ್ಲಾ ಬುಟ್ಟ್ಯಾಗ ತುಂಬಕೊಂಡು ಹ್ವಾದ್ರು, ನನಗ ಒಂದ್ ತುಂಡು ಇಡಲಿಲ್ಲ."

"ಇಟ್ಟಿದ್ರಲ್ಲ. ನೀ ಐದು ರೊಟ್ಟಿ ತಿಂದಿ, ಅದಕ್ಕ ಬ್ಯಾನಿ ಬಂತು" ಎಂದಳು ಹಿಂದಿದ್ದ ಅದೇ ಊರಿನವಳು.

"ನೀ ಎಲ್ಲಿದ್ದಿ ಆಗ?"

"ನಿಮ್ಮ ಹಿತ್ತಲದಾಗ. ನಿಮ್ಮಾಯಿ ಕೂಗಿದ್ದಕ್ಕ ನಾನ ಓಡಿ ಬಂದು ಬಿಸಿನೀರು ಇಟ್ಟೆ. ಮರತಿ ಏನು?"

ಹೀಗೆ ಒಂದೇ ಉಸಿರಿನಲ್ಲಿ ಎಳ್ಳ ಅಮಾವಾಸ್ಯೆ ಎಂದು ದಿನವೂ ಸಿಕ್ಕಿತು, ಸಾಕ್ಷಿಯೂ ಸಿಕ್ಕಿದಳು. ಒಂದು ಊರಿನವರೆಲ್ಲ ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡದ್ದರಿಂದ ಸಾಕ್ಷಿಗಳಿಗೆ ಬರವಿರಲಿಲ್ಲ. ಆಮೇಲೆ ತಡೆಯಿಲ್ಲ. ಸೀಗಿ ಹುಣ್ಣಿಮೆಯ ಮರುದಿನ ಹುಟ್ಟಿದವಳು, ನಾಗರ ಪಂಚಮಿಯ ಜೋಕಾಲಿಯಿಂದ ಇಳಿಸಿ ಹಡೆದ ಮಗ, ಹೋಳಿಯ ಬಣ್ಣ ಮೈಮೇಲಿರುವಾಗಲೇ ಬಂದ ಅವಳಿ. ಒಬ್ಬಳ ಕಥೆಗೆ ಇನ್ನೊಬ್ಬಳು ನಗುತ್ತ ಸೇರಿಸುವಳು. ನಾನು ಮೂರು ದಿನದಲ್ಲಿ ಕೇಳಿದ ಹೆರಿಗೆಯ ವಿವರಗಳು ಬ್ರಹ್ಮಚಾರಿಯೊಬ್ಬನಿಗೆ ಹೆಚ್ಚೇ. ಅದು ಅವರಿಗೂ ಗೊತ್ತಿತ್ತು. "ಅಣ್ಣಾರ ಮಾರಿ ನೋಡ್ರಿ, ಲಗ್ನಾನ ಬ್ಯಾಡ ಅನ್ನೂಹಂಗ ಆಗೈತಿ" ಎಂದು ಒಬ್ಬಳೆಂದರೆ ಚಪ್ಪರವೆಲ್ಲ ನಗು.

ದಿನ ಸಿಕ್ಕರೂ ವರ್ಷ ಸಿಗುವುದು ಕಷ್ಟ. ಅದಕ್ಕೆ ನಾನು ನ್ಯೂಸ್‌ಪ್ರಿಂಟಿನ ದೊಡ್ಡ ಹಾಳೆಗಳನ್ನು ಅಂಟಿಸಿ ಒಂದು ಪಟ್ಟಿ ಮಾಡಿದೆ. ಗೊತ್ತಿರುವ ಘಟನೆಗಳನ್ನು ಗೂಟದಂತೆ ನೆಟ್ಟೆ. ಮನೆಗಳ ಸಾಲಿಗೆ ನಲ್ಲಿ ಬಂದ ವರ್ಷ ಪಾಲಿಕೆಯ ದಾಖಲೆಯಲ್ಲಿತ್ತು. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾದ ಮಳೆಗಾಲ ನಮ್ಮ ಪತ್ರಿಕೆಯ ಹಳೆಯ ಕಡತದಲ್ಲಿತ್ತು, ಅದಕ್ಕಾಗಿ ಒಂದು ಮಧ್ಯಾಹ್ನ ಮುಂಬಯಿಗೆ ಹೋಗಿ ಧೂಳು ಕುಡಿದು ಬಂದೆ. ಉಳಿದ ಮಕ್ಕಳನ್ನು ಆ ಗೂಟಗಳಿಗೆ ಕಟ್ಟುತ್ತ ಹೋದೆ: ಇವನು ನಲ್ಲಿ ಬಂದ ವರ್ಷದವನು, ಅವಳು ಇವನಿಗಿಂತ ಒಂದು ಸುಗ್ಗಿ ದೊಡ್ಡವಳು, ಈಚೆಯವನು ಅವಳ ಅಣ್ಣನ ಜೊತೆಗೆ ತೊಟ್ಟಿಲಿಗೆ ಬಿದ್ದವನು.

ತಿಥಿಯನ್ನು ತಾರೀಖು ಮಾಡಲು ಹಳೆಯ ಪಂಚಾಂಗ ಬೇಕಿತ್ತು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಮಾಲೀಕರು ನನಗೆ ಊರಿನ ಕಡೆಯವರು. ಪಂಚಾಂಗವನ್ನು ರದ್ದಿಗೆ ಹಾಕಬಾರದು ಎಂದು ಅವರ ತಾಯಿ ಹೇಳಿದ್ದರಿಂದ ಇಪ್ಪತ್ತು ವರ್ಷದವು ದೇವರ ಕೋಣೆಯಲ್ಲಿ ಅರಿಶಿನ ದಾರ ಕಟ್ಟಿಕೊಂಡು ಕೂತಿದ್ದವು.

"ಇದು ನಮ್ಮ ಸೌರಮಾನದ್ದು ಮಾರಾಯ್ರೆ. ಅವರ ತಿಂಗಳು ಬೇರೆ, ನಮ್ಮ ತಿಂಗಳು ಬೇರೆ. ಲೆಕ್ಕ ತಪ್ಪೀತು" ಎಂದರು.

"ನಮಗೆ ಬೇಕಾದದ್ದು ಹುಣ್ಣಿಮೆ ಅಮಾವಾಸ್ಯೆ ಮಾತ್ರ."

"ಹಾಗಾದ್ರೆ ತೊಂದರೆ ಇಲ್ಲ. ಚಂದ್ರ ಎಲ್ಲರಿಗೂ ಒಬ್ಬನೇ ಅಲ್ವಾ" ಎಂದು ಅವರೇ ಗಲ್ಲಾ ಬಿಟ್ಟು ಬಂದು ಪುಟ ತಿರುವಿದರು. ಎರಡು ಪ್ಲೇಟ್ ಗೋಳಿಬಜೆ ಮುಗಿಯುವುದರೊಳಗೆ ಹನ್ನೆರಡು ಮಕ್ಕಳಿಗೆ ತಾರೀಖು ಬಂತು.

ಎಂಟನೆಯ ದಿನ ಮೂವತ್ತನಾಲ್ಕೂ ಮುಗಿದವು. ನಿಯಮಕ್ಕೆ ಹೊಂದಿಸಿ ನೋಡುತ್ತ ಹೋದಂತೆ ನನ್ನ ಉತ್ಸಾಹ ಇಳಿಯಿತು. ಏಳು ಮಕ್ಕಳಿಗೆ ಜೂನ್ ಒಂದಕ್ಕೆ ಆರು ತುಂಬುವುದಿಲ್ಲ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ ಎರಡೂ ಜೂನ್ ಒಂದರ ಆಚೆಗೆ ಬೀಳುತ್ತಿದ್ದವು. ಆ ಹಬ್ಬಗಳಲ್ಲಿ ಹುಟ್ಟಿದ ಐವರು ಕೆಲವೇ ವಾರಗಳಿಂದ ತಪ್ಪಿಹೋಗಿದ್ದರು, ಇನ್ನಿಬ್ಬರು ಗಣಪತಿ ಹಬ್ಬದವರು. ಉಳಿದದ್ದು ಇಪ್ಪತ್ತೇಳು.

ಹೋಟೆಲಿನವರು ಪಂಚಾಂಗ ಮಡಿಸುತ್ತ ಮೆಲ್ಲಗೆ ಹೇಳಿದರು, "ಒಂದು ಹುಣ್ಣಿಮೆ ಹಿಂದೆ ಹಾಕಿ ಮಾರಾಯ್ರೆ. ಪಾಪದ ಮಕ್ಕಳು. ಯಾರು ಆಕಾಶ ನೋಡಿ ಬರ್ತಾರೆ?"

ನಾನು ಅದನ್ನು ಇದ್ದ ಹಾಗೆ ನಗರಸೇವಕಿಗೆ ಮುಟ್ಟಿಸಿದೆ. ನನ್ನ ಅಭಿಪ್ರಾಯ ಸೇರಿಸಲಿಲ್ಲ, ಅವರು ಕೇಳಲೂ ಇಲ್ಲ. ಪಟ್ಟಿಯನ್ನು ನೆಲದ ಮೇಲೆ ಹಾಸಿ, ಆ ಏಳು ಹೆಸರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಅದರಲ್ಲಿ ಒಂದು ಅವರ ನಾದಿನಿಯ ಮಗ.

"ಮೊದಲ ಸಲ ಗೊತ್ತಿಲ್ಲದ ಸುಳ್ಳು ಬರದಿವಿ" ಎಂದರು. "ಈಗ ಗೊತ್ತಿದ್ದೂ ಬರದ್ರ ಅದು ಬ್ಯಾರೆ ಆಕ್ಕೈತಿ. ಈ ಏಳು ಮುಂದಿನ ವರ್ಷ ಹೋಗಲಿ. ಈ ವರ್ಷಕ್ಕ ಮೂರು ಹುಡುಕೂಣು."

"ಎಲ್ಲಿ?"

ಆಕೆ ಎದ್ದು ಮೂರನೇ ಸಾಲಿನ ಕಡೆ ಕೈ ತೋರಿಸಿದರು. ಬಾಗಿಲಲ್ಲಿ ಒಬ್ಬ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಏರಿಸಿಕೊಂಡು ನಿಂತಿದ್ದಳು. "ನೀವು ಬರದ ಮೂವತ್ನಾಕರಾಗ ಹೆಣ್ಣು ಎಷ್ಟು?"

ನೋಡಿದೆ. ಆರು. ಎರಡು ಭಾನುವಾರ ಬರೆದವನಿಗೆ ಅದು ಕಂಡಿರಲಿಲ್ಲ.

ಆಗ ತಮ್ಮ ವಿಷಯ ಮೊದಲ ಬಾರಿಗೆ ನಾಲ್ಕು ಮಾತು ಹೇಳಿದರು. ನಾಲ್ಕನೇ ಇಯತ್ತೆಯಲ್ಲಿದ್ದಾಗ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಶಾಲೆ ಬಿಡಿಸಿದರು. ಹದಿನೇಳಕ್ಕೆ ಮದುವೆಯಾಗಿ ಖಾಡಿಗೆ ಬಂದರು. ಮರಳಿನ ಬುಟ್ಟಿ ಹೊತ್ತು ಹೋಗುವಾಗ ಸ್ಟೇಷನ್ನಿನ ಫಲಕ, ರೇಷನ್ ಅಂಗಡಿಯ ಫಲಕ ನೋಡಿ ನೋಡಿ ಮರಾಠಿ ಅಕ್ಷರ ಕೂಡಿಸಿಕೊಂಡರು. ಮೂರೂ ಸಾಲು ಮನೆಗಳಲ್ಲಿ ಓದಬಲ್ಲ ಹೆಂಗಸು ಒಬ್ಬಳೇ ಆದ್ದರಿಂದ ಎಲ್ಲರ ಕಾಗದವೂ ಅವರ ಕೈಗೆ ಬಂತು, ಹತ್ತು ವರ್ಷ ಬಂತು. ವಾರ್ಡು ಮಹಿಳೆಗೆ ಮೀಸಲಾದಾಗ ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ. ಹಿನ್ನೆಲೆ ಇಷ್ಟೇ. ಕೇಳಿ ಮುಗಿಯಲು ಹತ್ತು ನಿಮಿಷ ಸಾಕಾಯಿತು.

ಮೂರನೇ ಸಾಲಿನಲ್ಲಿ ಅಂಥ ನಾಲ್ವರು ಹುಡುಗಿಯರು ಸಿಕ್ಕರು. "ಅಕಿ ದೊಡ್ಡಾಕಿ ಆಗ್ಯಾಳ್ರಿ, ಒಂಬತ್ತೋ ಹತ್ತೋ. ಇನ್ನೇನ್ ಒಂದನೇತ್ತಾ" ಎಂದರು ತಂದೆಯಂದಿರು. ತಾಯಂದಿರನ್ನು ಕೇಳಿದಾಗ, ಪಂಚಾಂಗ ತೆರೆದಾಗ, ಮೂವರಿಗೆ ಏಳು, ಒಬ್ಬಳಿಗೆ ಏಳೂವರೆ. ಕೆಲಸ ಮಾಡಿ ಮಾಡಿ ಮನೆಯವರ ಕಣ್ಣಿಗೆ ದೊಡ್ಡವರಾಗಿದ್ದರು.

ಆದರೆ ತಾಯಿಯೊಬ್ಬಳು ನೇರವಾಗಿ ಕೇಳಿದಳು, "ಇಕಿ ಸಾಲಿಗೆ ಹ್ವಾದ್ರ ಸಣ್ಣದನ್ನ ಯಾರು ನೋಡತಾರಕ್ಕಾ? ನೀ ನೋಡ್ತಿ?"

"ನೋಡ್ತೀನಿ" ಎಂದರು ನಗರಸೇವಕಿ. ಎಂದದ್ದೇ ಚಪ್ಪರಕ್ಕೆ ಬಂದು ಮೇಜನ್ನು ಹೊರಗೆ, ಬೇವಿನ ಗಿಡದ ಬುಡಕ್ಕೆ ಎಳೆಸಿದರು. ಚಪ್ಪರದ ಗಳುಗಳಿಗೆ ನಾಲ್ಕು ಹಳೆಯ ಸೀರೆಯ ಜೋಳಿಗೆ ಕಟ್ಟಿಸಿದರು. ಬೆನ್ನು ನೋವಿನಿಂದ ಮರಳು ಹೊರುವುದನ್ನು ಬಿಟ್ಟಿದ್ದ ಗಂಗವ್ವಜ್ಜಿಯನ್ನು ಕರೆದು ಕೂರಿಸಿದರು. "ಆರು ಹಡದೀನಿ, ಇನ್ನ ನಾಕು ತೂಗಾಕ ಏನ್ ಧಾಡಿ" ಎಂದು ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿ ಜೋಳಿಗೆಗಳ ನಡುವೆ ಕೂತೇಬಿಟ್ಟಳು. ನಗರಸೇವಕಿಯ ಗಂಡ ಲಾರಿ ಡ್ರೈವರ್. ಅವರು ಹೊರಗಿದ್ದ ಮೇಜನ್ನೂ ಹೆಂಡತಿಯನ್ನೂ ನೋಡಿ, "ಮಳಿ ಬಂದ್ರ ಪಾಲಿಕೆ ತೊಯ್ಯತೈತಿ" ಎಂದು ಲಾರಿಯ ತಾಡಪಾಲು ತಂದು ಗಿಡಕ್ಕೆ ಕಟ್ಟಿದರು.

ಮೂವತ್ತೊಂದು. ಪ್ರತಿ ಅರ್ಜಿಯ ಹಿಂದೆ ನಾನು ಮರಾಠಿಯಲ್ಲಿ ಆಧಾರ ಬರೆದೆ: ತಿಥಿ, ಹಬ್ಬ, ವರ್ಷ ಹೇಗೆ ಗೊತ್ತಾಯಿತು, ಸಾಕ್ಷಿ ಯಾರು, ಅವರು ಎಲ್ಲಿ ನಿಂತಿದ್ದರು. ಗಡುವಿಗೆ ಒಂದು ದಿನ ಮುಂಚೆ ಕೊಟ್ಟೆವು. ಅಧಿಕಾರಿ ಒಂದೊಂದನ್ನೂ ಓದಿದರು. ಓದಿ, "ಮೊದಲು ಏನೂ ಇರಲಿಲ್ಲ. ಈಗ ಅತಿಯಾಯಿತು. ಇಷ್ಟೆಲ್ಲ ಯಾರಿಗೆ ನೆನಪಿರುತ್ತದೆ?" ಎಂದರು.

"ಕಾಗದದ ಮೇಲೆ ನಂಬಿಕೆ ಇಲ್ಲದಿದ್ದರೆ ಬಂದು ಅವರನ್ನೇ ಕೇಳಿ ಸಾಹೇಬ್" ಎಂದರು ಆಕೆ.

ಅವರು ನಿಜವಾಗಿಯೂ ಬಂದರು. ಮರುದಿನ ದೋಣಿ ಖಾಲಿಯಾದ ಹೊತ್ತಿಗೆ, ಒಬ್ಬ ಗುಮಾಸ್ತನೊಂದಿಗೆ, ಪ್ಯಾಂಟಿನ ಅಂಚು ಎತ್ತಿ ಕೆಸರು ದಾಟಿ. ಬೇವಿನ ಗಿಡದಡಿ ಕೂತು, ಕಟ್ಟಿನ ನಡುವಿನಿಂದ ಒಂದು ಅರ್ಜಿ ಎಳೆದರು. ಕಸ್ತೂರಿ ಎಂಬಾಕೆಯ ಮಗಳು, ಬನದ ಹುಣ್ಣಿಮೆಯ ಹಿಂದಿನ ದಿನ.

ಕಸ್ತೂರಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಶುರು ಮಾಡಿದಳು. ನೋವು ಎಲ್ಲಿ ಹತ್ತಿತು, ಎಲ್ಲಿಗೆ ಇಳಿಯಿತು, ಸೂಲಗಿತ್ತಿ ಏನೆಂದಳು, ನೀರು ಯಾವಾಗ ಒಡೆಯಿತು. ಗುಮಾಸ್ತ ಖಾಡಿಯ ಕಡೆ ನೋಡತೊಡಗಿದ. "ಬಸ್ ಬಸ್," ಎಂದರು ಅಧಿಕಾರಿ. "ದಿನ ಮಾತ್ರ ಸಾಕು. ಸಾಕ್ಷಿ ಯಾರು?"

ಸಾಕ್ಷಿ ಇಬ್ಬರು, ಓರಗಿತ್ತಿಯರು. ಒಬ್ಬಳು, ಅವತ್ತೇ ನಮ್ಮ ಆಕಳು ಕರು ಹಾಕಿತ್ತು ಎಂದಳು. ಇನ್ನೊಬ್ಬಳು, ಆಕಳು ಕರು ಹಾಕಿದ್ದು ಮರುದಿನ ಎಂದಳು.

"ಮರದಿನ ಹುಣ್ಣಿವಿ. ಹುಣ್ಣಿವಿಗೆ ಗಿಣ್ಣಾ ಮಾಡಿದ್ವಿ. ಕರು ಮೊದಲ ಬರದ ಗಿಣ್ಣಾ ಎಲ್ಲಿಂದ ಬಂತು?"

"ಗಿಣ್ಣಾ ಮಾಡಿದ್ದು ನಾನು. ನೀ ತಿಂದಾಕಿ. ನಿನಗೇನ್ ಗೊತ್ತ?"

"ತಿಂದಾಕಿಗೇ ನೆನಪಿರತೈತಿ."

ಮಾತು ಮಗುವನ್ನು ಬಿಟ್ಟು ಆಕಳಿಗೆ, ಆಕಳನ್ನು ಬಿಟ್ಟು ಮನೆ ಪಾಲಾದಾಗಿನ ಹಂಡೆಗೆ ಹೋಯಿತು. ನಾನು ಅನುವಾದ ನಿಲ್ಲಿಸಿದೆ. ಸಾಕ್ಷಿಗಳೇ ಕಚ್ಚಾಡಿ ಕೆಲಸ ಕೆಡಿಸಿದರು ಎಂದು ನನಗನಿಸಿತು.

ಅಧಿಕಾರಿ ಗುಮಾಸ್ತನಿಂದ ಪೆನ್ನು ಕೇಳಿ ತೆಗೆದುಕೊಂಡರು. "ಮೂವತ್ತು ವರ್ಷದಿಂದ ಪ್ರತಿಜ್ಞಾಪತ್ರ ನೋಡುತ್ತಿದ್ದೇನೆ" ಎಂದು ನನಗೆ ಹೇಳಿದರು. "ಸುಳ್ಳು ಸಾಕ್ಷಿಗಳು ಯಾವತ್ತೂ ಜಗಳವಾಡುವುದಿಲ್ಲ. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಹೋಗುತ್ತಾರೆ." ಇನ್ನೆರಡು ಅರ್ಜಿಗೆ ಪ್ರಶ್ನೆ ಕೇಳಬೇಕೆಂದಿದ್ದವರು ಕೇಳಲಿಲ್ಲ. ಮೂವತ್ತೊಂದಕ್ಕೂ ಅಲ್ಲೇ ಸಹಿ ಹಾಕಿದರು. ತಾಡಪಾಲಿನಡಿ ಯಾರೋ ಅವರಿಗೆ ಶೇಂಗಾ ಚಟ್ನಿ, ಖಟಕ ರೊಟ್ಟಿ ತಂದಿಟ್ಟರು. ಅವರು ಎರಡು ತಿಂದು ಒಂದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು.

ಶಾಲೆ ತೆರೆದ ದಿನ ಜಿನುಗು ಮಳೆ. ಕೋಣೆಗೆ ಸುಣ್ಣ ಹೊಡೆದ ವಾಸನೆ ಆರಿರಲಿಲ್ಲ. ಶಿಕ್ಷಕಿ ಅಂಬರನಾಥದಿಂದ ಬರುವ ಎಳೆಯ ಮರಾಠಿ ಹೆಣ್ಣುಮಗಳು, ಅವರಿಗೂ ಅದು ಮೊದಲ ತರಗತಿ. ಮೂವತ್ತೊಂದು ಮಕ್ಕಳು ಎಣ್ಣೆ ಹಚ್ಚಿದ ತಲೆ ಬಗ್ಗಿಸಿ ನೆಲದ ಪಟ್ಟಿಯ ಮೇಲೆ ಕೂತಿದ್ದವು. ತಾಯಂದಿರು ಹೋಗಲಿಲ್ಲ. ಅವತ್ತಿನ ಭರತ ಹನ್ನೊಂದರ ನಂತರವಾದ್ದರಿಂದ ಎಲ್ಲರೂ ಕಿಟಕಿಯ ಸರಳಿಗೆ ಮುಖವೊತ್ತಿ ನಿಂತಿದ್ದರು. ನಾನು ಬಾಗಿಲ ಬದಿಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದಿದ್ದೆ. ನಗರಸೇವಕಿ ಇನ್ನೂ ಹಿಂದೆ, ಹೆಂಗಸರ ನಡುವೆ.

ಶಿಕ್ಷಕಿ ಹಾಜರಿ ಪುಸ್ತಕ ತೆರೆದು ಮೊದಲ ಹೆಸರು ಕರೆದರು. ಒಂದೂ ಮಗು ಉಸಿರೆತ್ತಲಿಲ್ಲ. ಹೆಸರು ಕರೆದರೆ ಏನು ಮಾಡಬೇಕು ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಅವರು ಮತ್ತೆ ಕರೆದರು.

"ಅದಾನ್ರೀ" ಎಂದಿತು ಕಿಟಕಿ.

ಶಿಕ್ಷಕಿ ತಲೆಯೆತ್ತಿ ನೋಡಿ, ಸ್ವಲ್ಪ ಅನುಮಾನಿಸಿ, ಪುಸ್ತಕದಲ್ಲಿ ಗುರುತು ಹಾಕಿದರು. ಎರಡನೇ ಹೆಸರು.

"ಅದಾಳ್ರೀ."

ಮೂರಕ್ಕೆ, ನಾಲ್ಕಕ್ಕೆ ಕಿಟಕಿಯಲ್ಲಿ ಒಂದರ ಬದಲು ಹತ್ತು ದನಿ. ಶಿಕ್ಷಕಿ ನಗು ತಡೆದುಕೊಂಡು ಪ್ರತಿ ಬಾರಿಯೂ ಕಿಟಕಿಯ ಕಡೆ ನೋಡಿಯೇ ಗುರುತು ಹಾಕಿದರು. ಹೀಗೆ ಮೂವತ್ತೂ ಮುಗಿದವು. ಕೊನೆಯ ಹೆಸರು ಕರೆದಾಗ ಕಿಟಕಿ ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಸೊಂಟ ಒಂದು ಬದಿಗೆ ವಾಲಿಸಿ ನಿಲ್ಲುವುದು ರೂಢಿಯಾಗಿತ್ತು, ಆದರೆ ಸೊಂಟದ ಮೇಲೆ ಏನೂ ಇರಲಿಲ್ಲ.

"ಅದೀನ್ರಿ" ಎಂದಳು.